ಹಳೇ ಗೋಡೆಯೊಳಗಿನ ವೈರು

ಮೈಸೂರಿನ ಅಗ್ರಹಾರವಿರಲಿ, ಬೆಂಗಳೂರಿನ ಬಸವನಗುಡಿಯಿರಲಿ, ಹಳೇ ಮನೆಗಳಲ್ಲಿ ಮರದ ಪಟ್ಟಿ ಹೊಡೆದು ಎಳೆದ ವೈರಿಂಗ್ ಇನ್ನೂ ಅಲ್ಲಲ್ಲಿ ಕಾಣುತ್ತದೆ. ಆ ಕಾಲದ ಲೆಕ್ಕ ನಾಲ್ಕು ಬಲ್ಬು, ಒಂದು ಫ್ಯಾನು, ಒಂದು ರೇಡಿಯೊ. ಈಗ ಅದೇ ಲೈನಿಗೆ ಗೀಸರು, ಮಿಕ್ಸಿ, ಫ್ರಿಜ್ಜು!

ಮೇನ್ ಆಫ್ ಮಾಡಿ ಸ್ವಿಚ್ ಬೋರ್ಡ್ ಬಿಚ್ಚಿದರೆ, ತಂತಿಯ ಮೇಲಿನ ಹಳೇ ರಬ್ಬರು ಹಪ್ಪಳದಂತೆ ಪುಡಿಯಾಗಿ ಉದುರುತ್ತದೆ. ಅದಕ್ಕಿಂತ ಅಪಾಯ ಗಾರೆಯೊಳಗೆ ಹೂತುಹೋದ ಜಾಯಿಂಟು: ಎರಡು ತಂತಿ ಹೊಸೆದು, ಬಟ್ಟೆ ಟೇಪು ಸುತ್ತಿ ಮುಚ್ಚಿಬಿಟ್ಟಿದ್ದು. ಮಳೆಗಾಲದಲ್ಲಿ ಗೋಡೆ ತೇವ ಹೀರಿತೆಂದರೆ ಕರೆಂಟು ಸೋರುವುದು ಇಂಥಲ್ಲೇ.

ಹಾಗಾಗಿ ಒಳ್ಳೆಯ ಎಲೆಕ್ಟ್ರಿಷಿಯನ್ ಮೊದಲು ಸುತ್ತಿಗೆ ಹಿಡಿಯುವುದಿಲ್ಲ. ಮೆಗ್ಗರ್ ಎಂಬ ಮೀಟರಿನಿಂದ 500 ವೋಲ್ಟ್ ಕೊಟ್ಟು ಇನ್ಸುಲೇಷನ್ ಪರೀಕ್ಷಿಸುತ್ತಾರೆ. ರೀಡಿಂಗ್ 1 ಮೆಗಾಓಮ್‌ಗಿಂತ ಕೆಳಗಿದ್ದರೆ ಆ ಲೈನನ್ನು ನಂಬುವಂತಿಲ್ಲ.

ಹೊಸ ವೈರು ತಾಮ್ರದ್ದೇ ಇರಲಿ. ಸಾಮಾನ್ಯವಾಗಿ ದೀಪಕ್ಕೆ 1.5, ಪವರ್ ಪಾಯಿಂಟಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್.

ಮೂರು ಪಿನ್ನಿನ ಸಾಕೆಟ್ ಇದೆಯೆಂದು ಸಮಾಧಾನಪಡುವಂತಿಲ್ಲ. ಎಷ್ಟೋ ಹಳೇ ಮನೆಗಳಲ್ಲಿ ಮೇಲಿನ ತೂತಿನ ಹಿಂದೆ ಅರ್ಥ್ ವೈರೇ ಇರುವುದಿಲ್ಲ. ಹಸಿರು ವೈರು ಎಳೆಸಿ, ಜೊತೆಗೆ 30 ಮಿಲಿಆಂಪ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ ಹಾಕಿಸಲೇಬೇಕು. ಎಂಸಿಬಿ ಈ ಕೆಲಸ ಮಾಡುವುದಿಲ್ಲ.

ಮಣ್ಣಿನ ಗೋಡೆಯಾದರೆ ಕೊರೆಯುವ ಬದಲು ಹೊರಗೇ ಪೈಪು ಹಾಯಿಸುವುದು ಲೇಸು. ಕೊರೆದದ್ದೇ ಆದರೆ, ಪ್ಲಾಸ್ಟರಿಗೆ ಮುಂಚೆ ಪೈಪು ಓಡಿದ ದಾರಿಯ ಫೋಟೊ ತೆಗೆದಿಡಬೇಕು. ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.