ದರಕಿನಡಿಯ ಗೋಲಿಹುಳ: ವಿಷ ಹಾಕುವ ಮೊದಲು ಹಾಳೆ ಎತ್ತಿ ನೋಡಿ

ಸಸಿಮಡಿ ಪಕ್ಕ ಬಿದ್ದಿದ್ದ ಅಡಿಕೆ ಹಾಳೆ ಎತ್ತಿದೆ. ಅಡಿಯಲ್ಲಿ ಬೂದುಬಣ್ಣದ ಪುಟ್ಟ ಹುಳಗಳ ಸಂತೆ. ಮುಟ್ಟಿದರೆ ಸಾಕು, ಮೈ ಸುತ್ತಿ ಗೋಲಿಯಾಗಿ ಉರುಳುತ್ತಿದ್ದವು. ಅದೇ ವಾರ ಎರಡು ಅಡಿಕೆ ಸಸಿ ಬುಡ ಕೊಳೆತು ಬಿದ್ದಿದ್ದವು. ಇವುಗಳದ್ದೇ ಕೆಲಸ ಅಂತ ವಿಷದ ಪುಡಿ ಎರಚಿಬಿಟ್ಟೆ. ಹುಳ ಸತ್ತವು, ಸಸಿ ಸಾಯುವುದು ನಿಲ್ಲಲಿಲ್ಲ. ಆಮೇಲೆ ಗೊತ್ತಾಯ್ತು, ಬಸಿಗಾಲುವೆ ಕಟ್ಟಿಕೊಂಡು ನೀರು ನಿಂತು ಬೇರು ಕೊಳೆತಿತ್ತು. ಹುಳ ಬಂದದ್ದು ಕೊಳೆತದ್ದನ್ನು ತಿನ್ನಲಿಕ್ಕೆ.

ಗೋಲಿಯಲ್ಲಿ ಎರಡು ಬಗೆ

ಕಡಲೆಕಾಳಿನಷ್ಟು ಚಿಕ್ಕದು ಒಂದು. 7 ಜೊತೆ ಕಾಲು. ಹುಳ ಅನ್ನುತ್ತೇವಾದರೂ ಇದು ಏಡಿ, ಸೀಗಡಿಗಳ ದಾಯಾದಿ. ಹೊಟ್ಟೆಯಡಿಯ ಕಿವಿರಿನಂಥ ಅಂಗಗಳಿಂದ ಉಸಿರಾಡುತ್ತದೆ. ಅವು ಒಣಗಿದರೆ ಸತ್ತಂತೆ. ಹಾಗಾಗಿ ಹಗಲೆಲ್ಲ ತೇವದಲ್ಲಿ ಅಡಗಿದ್ದು ರಾತ್ರಿ ತಿರುಗುತ್ತದೆ. ತಾಯಿ ಮೊಟ್ಟೆಗಳನ್ನು ಹೊಟ್ಟೆಯಡಿಯ ಚೀಲದಲ್ಲೇ ಹೊತ್ತಿರುತ್ತದೆ.

ಇನ್ನೊಂದು ಮಕ್ಕಳಾಡುವ ಗೋಲಿಯಷ್ಟೇ ದಪ್ಪ. ಇದು ಚೋರಟೆ ಜಾತಿ, ಕಾಲು 20 ಜೊತೆಗೂ ಹೆಚ್ಚು. ಪಶ್ಚಿಮಘಟ್ಟದ ಇಂಥದೊಂದು ಪ್ರಭೇದ ಆರ್ತ್ರೋಸ್ಫೀರಾ ಮ್ಯಾಗ್ನಾ. ಮಂಗಳೂರು ವಿಶ್ವವಿದ್ಯಾಲಯದ ಕೆ.ಎಂ. ಅಶ್ವಿನಿ ಮತ್ತು ಕೆ.ಆರ್. ಶ್ರೀಧರ್ ಇದನ್ನು ಸಾವಯವ ಕೃಷಿಗೆ ಬಳಸುವ ಬಗ್ಗೆ 2002ರಲ್ಲೇ 'ಕರೆಂಟ್ ಸೈನ್ಸ್'ನಲ್ಲಿ ಬರೆದಿದ್ದಾರೆ.

ಎಂಥ ಎಲೆ ಬೇಕು?

ಆಗಷ್ಟೇ ಉದುರಿದ ಎಲೆ ಒಗರು, ಗಡಸು. ಅದನ್ನು ಇವು ಅಷ್ಟಾಗಿ ಮುಟ್ಟುವುದಿಲ್ಲ. ಮಳೆಗೆ ನೆನೆದು, ಬೂಸ್ಟು ಹತ್ತಿ ಮೆತ್ತಗಾದದ್ದೇ ಇಷ್ಟ. ಗ್ಲಿರಿಸಿಡಿಯಾದಂಥ ತೆಳು ಎಲೆ ಬೇಗ ಆ ಹದಕ್ಕೆ ಬರುತ್ತದೆ. ಅಕೇಶಿಯಾದ ದಪ್ಪ ಎಲೆಗೆ ಬಹಳ ಕಾಲ ಬೇಕು. ಮೈಯ ಚಿಪ್ಪಿಗೆ ಸುಣ್ಣದಂಶವೂ ಎಲೆಯಿಂದಲೇ ಸಿಗಬೇಕು. ತಿಂದ ಎಲೆಯ ಬಹುಪಾಲು ಸಣ್ಣ ಹಿಕ್ಕೆಯಾಗಿ ಹೊರಬರುತ್ತದೆ. ಪುಡಿಯಾದದ್ದರ ಮೇಲೆ ಸೂಕ್ಷ್ಮಜೀವಿಗಳು ಸುಲಭವಾಗಿ ಕೆಲಸ ಮಾಡುತ್ತವೆ. ಅಂದರೆ ಇವು ನಮ್ಮ ಗೊಬ್ಬರಗುಂಡಿಯ ಬೀಸುಕಲ್ಲು.

ಕಾನು ಮತ್ತು ಬೆಟ್ಟ

ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ವರದಿ ಬರೆದಿದ್ದರು. ಹೊಸಬಾಳೆ ಸುತ್ತಿನ ನಮಗೆ ಕಾನು ಹೊಸದಲ್ಲ. ಒಳಗೆ ಹೊಕ್ಕು ದರಕು ಸರಿಸಿ ನೋಡಿ: ಮೇಲೆ ಒಣಗಿದ ಎಲೆ, ನಡುವೆ ಅರೆಕೊಳೆತದ್ದು, ಕೆಳಗೆ ಕಪ್ಪು ಮಣ್ಣು. ಗೋಲಿಹುಳದ ಮನೆ ಆ ನಡುವಿನ ಪದರ. ಸೊಪ್ಪಿನಬೆಟ್ಟದಲ್ಲಿ ನಾವು ಮಾಡುವುದೇನು? ಬೇಸಿಗೆಯಲ್ಲಿ ನೆಲ ಕಾಣುವ ಹಾಗೆ ಗುಡಿಸಿ ತರುತ್ತೇವೆ. ಕೊಟ್ಟಿಗೆಗೆ ದರಕು ಬೇಕು, ನಿಜ. ಆದರೆ ಕೆಳಪದರವೂ ಹೋದರೆ ಮೊದಲ ಮಳೆಗೇ ಬೆಟ್ಟದ ಮಣ್ಣು ಹಳ್ಳ ಸೇರುತ್ತದೆ.

ನಾವು ಮಾಡಬಹುದಾದದ್ದು

* ಮೇಲಿನ ಒಣ ದರಕು ಮಾತ್ರ ತನ್ನಿ. ಬೆಟ್ಟವನ್ನು ಪಾಲು ಮಾಡಿ, ವರ್ಷಕ್ಕೊಂದು ಪಾಲಿಗೆ ರಜೆ ಕೊಡಿ. ಬೆಂಕಿ ಬೀಳದಂತೆ ನೋಡಿಕೊಳ್ಳಿ.
* ತೋಟಕ್ಕೆ ಒಂದೇ ಜಾತಿಯ ಸೊಪ್ಪು ಬೇಡ, ಮಿಶ್ರ ಇರಲಿ.
* ಚಿಕ್ಕ ಗೋಲಿಹುಳ ವಿಪರೀತ ಹೆಚ್ಚಿದರೆ ಎಳೆ ಮೊಳಕೆ ಕಡಿಯುವುದುಂಟು. ಸಸಿ ಬುಡದಿಂದ ಒಂದು ಗೇಣು ಬಿಟ್ಟು ಹೊದಿಕೆ ಹಾಕಿ. ಸಂಜೆ ಒದ್ದೆ ಗೆರಟೆ ಕವುಚಿಟ್ಟು ಬೆಳಿಗ್ಗೆ ಎತ್ತಿದರೆ ಅಡಿಯಲ್ಲಿ ಸೇರಿರುತ್ತವೆ. ಬಾಚಿ ಗೊಬ್ಬರಗುಂಡಿಗೆ ಬಿಟ್ಟರಾಯಿತು.

ಮಾರ್ಚ್ ಬಿಸಿಲಿನಲ್ಲಿ ತೋಟದ ನಡುವೆ ಒಂದು ಹಾಳೆ ಎತ್ತಿ ನೋಡಿ. ಗೋಲಿಹುಳ ಇದ್ದರೆ ಅಲ್ಲಿ ತೇವ ನಿಂತಿದೆ ಎಂದೇ ಅರ್ಥ. ನೆಲ ಒಣಗಿ ಒಂದೂ ಕಾಣದಿದ್ದರೆ, ಅಲ್ಲಿಗೆ ಇನ್ನೊಂದು ಹೊರೆ ಸೊಪ್ಪು ಬೇಕು.