ಮುಖ ತೊಳೆಯುವ ಮೇಜು

ನಾನು ಬಾಲಕನಾಗಿದ್ದಾಗ ನಮ್ಮೂರಿನ ವೈದ್ಯರ ಕೋಣೆಯ ಮೂಲೆಯಲ್ಲಿ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡೊಂದಿತ್ತು. ಅದರ ಬಳೆಯೊಳಗೆ ಎನಾಮಲ್ಲಿನ ಬಿಳಿ ಬೋಗುಣಿ. ಪಕ್ಕದಲ್ಲಿ ಸಾಬೂನು, ಟವೆಲು. ರೋಗಿಯನ್ನು ಪರೀಕ್ಷಿಸಿದ ಮೇಲೆ ವೈದ್ಯರು ಅದರಲ್ಲಿ ಕೈ ತೊಳೆಯುತ್ತಿದ್ದರು. ಆ ಸಾಮಾನ್ಯ ವಸ್ತುವಿಗೂ ಒಂದು ವಂಶಾವಳಿಯುಂಟೆಂದು ನನಗೆ ತಿಳಿದುದು ಬಹುಕಾಲದ ಅನಂತರ.

ಅದರ ಪೂರ್ವಜರನ್ನು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಮಲಗುವ ಕೋಣೆಗಳಲ್ಲಿ ಕಾಣಬಹುದು. ಬೋಗುಣಿಯನ್ನಿಡಲು ಬಳೆ, ಸಾಬೂನಿಗೆ ಪುಟ್ಟ ಅರೆ, ಕೆಳಗೆ ಹೂಜಿಗೆ ಒಂದು ಹಲಗೆ: ಇಷ್ಟೇ ಅದರ ರಚನೆ. 1791ರಿಂದ 1794ರವರೆಗೆ ಪ್ರಕಟವಾದ ಥಾಮಸ್ ಶೆರಟನ್ನನ ಪೀಠೋಪಕರಣಗಳ ಮಾದರಿ ಪುಸ್ತಕದಲ್ಲಿ, ಕೋಣೆಯ ಮೂಲೆಗೆ ಹೊಂದುವಂತಹ ಬೋಗುಣಿಮೇಜುಗಳ ಚಿತ್ರಗಳಿವೆ. ಆ ಕಾಲದ ಕೆಲವು ಮೇಜುಗಳಿಗೆ ಮುಚ್ಚಳವೂ ಇತ್ತು. ಮುಚ್ಚಿಬಿಟ್ಟರೆ ಅದು ತೊಳೆಯುವ ಸಾಧನವೆಂದು ಅತಿಥಿಗೆ ತಿಳಿಯುತ್ತಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಮೇಜು ಬೆಳೆಯಿತು. ನೀರು ಬಿದ್ದರೆ ಮರ ಹಾಳಾಗುವುದರಿಂದ ಮೇಲ್ಭಾಗಕ್ಕೆ ಅಮೃತಶಿಲೆ ಬಂದಿತು. ಗೋಡೆಗೆ ಹನಿ ಸಿಡಿಯದಂತೆ ಹಿಂಬದಿಗೆ ಪಿಂಗಾಣಿಯ ಬಿಲ್ಲೆಗಳು ಬಂದವು. ಸ್ಟಾಫರ್ಡ್‌ಷೈರಿನ ಕುಂಬಾರಿಕೆಯ ಕಾರ್ಖಾನೆಗಳು ಹೂಜಿ, ಬೋಗುಣಿ, ಸಾಬೂನಿನ ತಟ್ಟೆಗಳನ್ನು ಒಂದೇ ಚಿತ್ತಾರದಲ್ಲಿ ತಯಾರಿಸಿದವು. 1853ರಲ್ಲಿ ಬ್ರಿಟನ್ನಿನಲ್ಲಿ ಸಾಬೂನಿನ ಮೇಲಿನ ಸುಂಕವೂ ರದ್ದಾಯಿತು.

ಆದರೆ ಆ ಅಮೃತಶಿಲೆಯ ಹಿಂದೆ ಕೊಳಾಯಿಯಿರಲಿಲ್ಲ ಎಂಬುದನ್ನು ನಾವು ಮರೆಯಬಾರದು. ಬೆಳಗಾಗುವ ಮುನ್ನವೇ ಎದ್ದ ಸೇವಕಿಯು ಕೆಳಗಿನ ಅಡುಗೆಮನೆಯಲ್ಲಿ ನೀರು ಕಾಯಿಸಿ, ಮೆಟ್ಟಿಲೇರಿ ಪ್ರತಿ ಕೋಣೆಗೂ ಹೊತ್ತು ತರಬೇಕು. ತೊಳೆದಾದ ಮೇಲೆ ಕೊಳಕು ನೀರನ್ನು ಮತ್ತೆ ಹೊತ್ತು ಇಳಿಯಬೇಕು. ಮನೆಯೊಳಗೆ ಕೊಳಾಯಿ ಬಂದಂತೆ ಬೋಗುಣಿ ಗೋಡೆಯನ್ನು ಸೇರಿತು. ಮೇಜು ಬಳಕೆ ತಪ್ಪಿತು. ಮನುಷ್ಯರು ನೀರು ಹೊರುವವರೆಗೆ ಮಾತ್ರ ಆ ಮೇಜಿಗೆ ಬಾಳು ಇದ್ದಿತು.

ನಮ್ಮ ಮನೆಗಳಲ್ಲಿ ಇಂತಹ ಮೇಜು ಏಕೆ ಹುಟ್ಟಲಿಲ್ಲ? ನಾವು ತಂಬಿಗೆಯಿಂದ ಸುರಿದುಕೊಳ್ಳುವವರು. ಬಳಸಿದ ನೀರು ಬಚ್ಚಲಿನ ಕಂಡಿಯಿಂದ ಹೊರಗೆ ಹರಿದು ಬಾಳೆಯ ಬುಡವನ್ನು ಸೇರುತ್ತಿತ್ತು. ಅದನ್ನು ಹಿಡಿದಿಡುವ ಪಾತ್ರೆ ಬೇಕಿರಲಿಲ್ಲ. ಪಾತ್ರೆಯಿಲ್ಲದ ಮೇಲೆ ಅದಕ್ಕೊಂದು ಪೀಠವೇಕೆ? ಹೂತಿಟ್ಟ ಹಂಡೆ, ಅದರಡಿಯ ಒಲೆ, ಒಂದು ಕಲ್ಲು, ಇವಿಷ್ಟೇ ನಮ್ಮ ಸಲಕರಣೆ.

ಪದ್ಧತಿ ಬೇರೆಯಾದರೂ ಹೊರೆ ಬೇರೆಯಾಗಿರಲಿಲ್ಲ. ನಾವು ಏಳುವುದರೊಳಗೆ ನಮ್ಮ ತಾಯಿ ಬಾವಿಯಿಂದ ಸೇದಿ, ಕೊಡಕೊಡವಾಗಿ ಹೊತ್ತು ಹಂಡೆಯನ್ನು ತುಂಬಿರುತ್ತಿದ್ದರು. ಹಂಡೆ ತಾನಾಗಿಯೇ ತುಂಬುತ್ತದೆಂದು ನಾನು ಬಹುಕಾಲ ನಂಬಿದ್ದೆ. ಅಂಗಳಕ್ಕೆ ನಲ್ಲಿ ಬಂದ ದಿನ ಅವರು ಅದರಡಿಯಲ್ಲಿ ಕೊಡವನ್ನಿಟ್ಟು, ಅದು ತುಂಬುವುದನ್ನೇ ನೋಡುತ್ತ ನಿಂತರು. ತುಂಬಿದ ಮೇಲೆ, ಯಾರನ್ನೂ ಉದ್ದೇಶಿಸದೆ, "ಇಷ್ಟೇನೆ?" ಎಂದರು.