ಉಪ್ಪುನೀರಿನ ಅಕ್ವೇರಿಯಂ: ಚುಕ್ಕೆ ಮಾಯವಾದರೆ ರೋಗ ವಾಸಿಯಾದಂತಲ್ಲ

ಗಾಜಿನ ತೊಟ್ಟಿಯಲ್ಲಿ ಸಮುದ್ರದ ಬಣ್ಣಬಣ್ಣದ ಮೀನುಗಳನ್ನು ಸಾಕುವವರಿಗೆ ಎದುರಾಗುವ ದೊಡ್ಡ ತಲೆನೋವು ಎಂದರೆ ಚರ್ಮರೋಗ. ಒಂದೇ ಒಂದು ಹೊಸ ಮೀನಿನೊಂದಿಗೆ ಬಂದ ಸೋಂಕು ಇಡೀ ತೊಟ್ಟಿಯನ್ನು ಬರಿದು ಮಾಡಬಲ್ಲದು. ಆದ್ದರಿಂದ ಮೀನಿನ ಮೈಮೇಲೆ ಕಾಣುವ ಗುರುತು ಯಾವ ರೋಗದ್ದು ಎಂಬುದನ್ನು ಮೊದಲು ಅರಿಯಬೇಕು. ಔಷಧಿಯ ಮಾತು ಆನಂತರದ್ದು.

ಗುರುತಿಸುವುದು ಹೇಗೆ?

ಅತಿ ಸಾಮಾನ್ಯವಾದುದು ಬಿಳಿಚುಕ್ಕೆ ರೋಗ. ಮೈ ಹಾಗೂ ರೆಕ್ಕೆಗಳ ಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿಚುಕ್ಕೆಗಳು ಮೂಡುತ್ತವೆ. ಮೀನು ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತದೆ. ಕ್ರಿಪ್ಟೊಕ್ಯಾರಿಯಾನ್ ಇರಿಟನ್ಸ್ ಎಂಬ ಏಕಕೋಶದ ಪರಾವಲಂಬಿ ಜೀವಿ ಇದಕ್ಕೆ ಕಾರಣ.

ಚುಕ್ಕೆಗಳು ಎಣಿಕೆಗೆ ಸಿಗದಷ್ಟು ಸಣ್ಣದಾಗಿದ್ದು, ಮೈಗೆ ನುಣುಪಾದ ಹಿಟ್ಟು ಬಳಿದಂತೆ ಕಂಡರೆ ಅದು ‘ವೆಲ್ವೆಟ್’ ರೋಗವಿರಬಹುದು. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟರೆ ಈ ಪದರ ಹೊಂಬಣ್ಣದಲ್ಲಿ ಹೊಳೆಯುತ್ತದೆ. ಇದಕ್ಕೆ ಕಾರಣವಾದ ಅಮೈಲೂಡಿನಿಯಂ ಕಿವಿರುಗಳ ಮೇಲೆ ದಾಳಿ ಮಾಡುವುದರಿಂದ ಮೀನು ಏದುಸಿರು ಬಿಡುತ್ತದೆ. ಚುಕ್ಕೆ ಕಾಣುವ ಮೊದಲೇ ಸಾಯುವುದೂ ಉಂಟು. ಇಲ್ಲಿ ಒಂದು ದಿನದ ವಿಳಂಬವೂ ದುಬಾರಿ.

ಕ್ಲೌನ್ ಮೀನಿನ ಮೈಯಿಂದ ದಟ್ಟ ಲೋಳೆ ಪೊರೆಪೊರೆಯಾಗಿ ಕಳಚುತ್ತಿದ್ದರೆ ಬ್ರೂಕ್ಲಿನೆಲ್ಲಾ ಸೋಂಕನ್ನು ಶಂಕಿಸಬೇಕು. ಇದಕ್ಕೆ ತಾಮ್ರದ ಔಷಧಿ ನಾಟುವುದಿಲ್ಲ, ಫಾರ್ಮಲಿನ್ ಬಳಸಬೇಕಾಗುತ್ತದೆ. ಅದು ಮನುಷ್ಯರಿಗೂ ಅಪಾಯಕಾರಿಯಾದ್ದರಿಂದ ಬಲ್ಲವರ ಸಲಹೆ ಅಗತ್ಯ.

ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂತಹ ಗಂಟುಗಳಿದ್ದರೆ ಅದು ಲಿಂಫೋಸಿಸ್ಟಿಸ್ ಎಂಬ ವೈರಸ್ ಬಾಧೆ. ಇದಕ್ಕೆ ಔಷಧಿ ಇಲ್ಲ. ಶುದ್ಧ ನೀರು, ಉತ್ತಮ ಆಹಾರ ದೊರೆತರೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ.

ಎಡವುವುದು ಎಲ್ಲಿ?

ಬಿಳಿಚುಕ್ಕೆ ರೋಗದಲ್ಲಿ ಚುಕ್ಕೆಗಳು 3ರಿಂದ 7 ದಿನಗಳಲ್ಲಿ ತಾವಾಗಿಯೇ ಉದುರುತ್ತವೆ. ಮೀನಿಗೆ ತಿನ್ನಿಸಿದ ಬೆಳ್ಳುಳ್ಳಿಯಿಂದಲೇ ಗುಣವಾಯಿತೆಂದು ಸಾಕುವವರು ನಂಬುತ್ತಾರೆ. ವಾಸ್ತವವಾಗಿ, ಚರ್ಮದಡಿ ಬೆಳೆದ ಜೀವಿ ಕೆಳಗಿಳಿದು ಮರಳು, ಕಲ್ಲುಗಳಿಗೆ ಅಂಟಿಕೊಂಡು ಗಟ್ಟಿ ಕವಚ ಕಟ್ಟಿಕೊಂಡಿರುತ್ತದೆ. ಕವಚದೊಳಗೆ ಹುಟ್ಟುವ ನೂರಾರು ಮರಿಗಳು ಸಾಮಾನ್ಯವಾಗಿ 3ರಿಂದ 28 ದಿನಗಳಲ್ಲಿ ಹೊರಬಿದ್ದು ಮತ್ತೆ ಮೀನನ್ನು ಅರಸುತ್ತವೆ. ಎರಡನೆಯ ಸುತ್ತಿನ ದಾಳಿ ಮೊದಲಿನದಕ್ಕಿಂತ ಭೀಕರವಾಗಿರುತ್ತದೆ. ಚರ್ಮದಡಿ ಅಥವಾ ಕವಚದೊಳಗೆ ಇರುವಾಗ ಔಷಧಿ ಇದಕ್ಕೆ ತಾಗದು. ಮರಿಗಳು ನೀರಿನಲ್ಲಿ ಈಜಾಡುವ ಅಲ್ಪಾವಧಿಯೇ ಚಿಕಿತ್ಸೆಗಿರುವ ಅವಕಾಶ.

ಚಿಕಿತ್ಸೆ ಏನು?

ಆರೋಗ್ಯವಾಗಿ ಕಾಣುವವೂ ಸೇರಿದಂತೆ ಎಲ್ಲ ಮೀನುಗಳನ್ನೂ ಮರಳು, ಕಲ್ಲು ಇಲ್ಲದ ಬೇರೊಂದು ತೊಟ್ಟಿಗೆ ವರ್ಗಾಯಿಸಬೇಕು. ಅಲ್ಲಿ ತಾಮ್ರದ ಔಷಧಿ ಬಳಸಬಹುದು. ಅಯಾನು ರೂಪದ ತಾಮ್ರವಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಇರಬೇಕು. ಬೇರೆ ಬಗೆಯ ತಾಮ್ರದ ಔಷಧಿಗಳಿಗೆ ಲೇಬಲ್‌ನಲ್ಲಿರುವ ಪ್ರಮಾಣವನ್ನೇ ಅನುಸರಿಸಬೇಕು. ಪರೀಕ್ಷಾ ಕಿಟ್‌ನಿಂದ ದಿನವೂ ಅಳೆಯುವುದು ಕಡ್ಡಾಯ. ಪ್ರಮಾಣ ಕಡಿಮೆಯಾದರೆ ರೋಗ ಉಳಿಯುತ್ತದೆ, ಹೆಚ್ಚಾದರೆ ಮೀನು ಸಾಯುತ್ತದೆ. ವೆಲ್ವೆಟ್ ರೋಗಕ್ಕೂ ತಾಮ್ರವೇ ಪ್ರಮುಖ ಔಷಧಿ.

ಬಿಳಿಚುಕ್ಕೆಗೆ ಔಷಧಿಯಿಲ್ಲದ ದಾರಿಯೊಂದಿದೆ. ಮೂರು ದಿನಗಳಿಗೊಮ್ಮೆ ಮೀನನ್ನು ತೊಳೆದು ಒಣಗಿಸಿದ ತೊಟ್ಟಿಗೆ, ಹೊಸ ಉಪ್ಪುನೀರಿಗೆ ನಾಲ್ಕು ಬಾರಿ ಬದಲಾಯಿಸುವುದು. ಕಳಚಿಬಿದ್ದ ಜೀವಿಗಳು ಮರಿ ಮಾಡುವ ಮೊದಲೇ ಹಿಂದೆ ಉಳಿಯುತ್ತವೆ.

ಮುಖ್ಯ ತೊಟ್ಟಿಗೆ ತಾಮ್ರ ಸುರಿಯಲೇಬಾರದು. ಹವಳ, ಸೀಗಡಿ, ಬಸವನಹುಳುಗಳಿಗೆ ಅದು ವಿಷ. ಮರಳು, ಕಲ್ಲುಗಳು ತಾಮ್ರವನ್ನು ಹೀರಿಕೊಳ್ಳುವುದರಿಂದ ನೀರಿನಲ್ಲಿ ಸರಿಯಾದ ಪ್ರಮಾಣವೂ ನಿಲ್ಲದು. ಬದಲಿಗೆ ಆ ತೊಟ್ಟಿಯಲ್ಲಿ ಕೆಲಕಾಲ ಒಂದು ಮೀನೂ ಇರದಂತೆ ನೋಡಿಕೊಂಡರೆ, ಹೊರಬಿದ್ದ ಮರಿಗಳು ಆಸರೆ ಸಿಗದೆ ಒಂದೆರಡು ದಿನಗಳಲ್ಲಿ ಸಾಯುತ್ತವೆ. 72 ದಿನಗಳ ಬಳಿಕವೂ ಮರಿಗಳು ಹೊರಬಿದ್ದ ದಾಖಲೆ ಇರುವುದರಿಂದ 76 ದಿನ ಕಾಯುವುದು ಕ್ಷೇಮ.

ಇಷ್ಟು ದೀರ್ಘ ವನವಾಸ ತಪ್ಪಿಸುವ ಉಪಾಯ ಒಂದೇ. ಅಂಗಡಿಯಿಂದ ತಂದ ಮೀನನ್ನು ನೇರವಾಗಿ ಮುಖ್ಯ ತೊಟ್ಟಿಗೆ ಬಿಡದೆ, ಕನಿಷ್ಠ ನಾಲ್ಕು ವಾರ ಪ್ರತ್ಯೇಕವಾಗಿರಿಸಿ ಗಮನಿಸಿ. ಎರಡು ತೊಟ್ಟಿಗಳಿಗೂ ಒಂದೇ ಬಲೆ ಬಳಸಬೇಡಿ.